ಫರ್ಸಿಕಲ್ಲಿನ ಸೀಮೆಯಲ್ಲಿ ತಿರಮಿಸು

ಒಲೆ ಹಚ್ಚದೆ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತನ್ನು ಪದರದ ಮೇಲೆ ಪದರವಿಟ್ಟು ಮಾಡುವ ಇಟಲಿಯ ಸಿಹಿಯೊಂದಕ್ಕೆ ತಿರಮಿಸು ಎಂದು ಹೆಸರು. ‘ನನ್ನನ್ನು ಮೇಲೆತ್ತು’ ಎಂಬುದು ಅದರ ಅರ್ಥವಾದ್ದರಿಂದ, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ ಜನರೆಲ್ಲ ಫ್ಯಾನಿನಡಿ ಅಡ್ಡಾಗುವ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಗಳಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಪದರಗಳ ವಿಷಯದಲ್ಲಂತೂ ಈ ಸೀಮೆಗೆ ಇಟಲಿ ಪಾಠ ಹೇಳಬೇಕಾಗಿಲ್ಲ. ಶಹಾಬಾದಿನ ಫರ್ಸಿ, ಅಂದರೆ ಹಾಸುಹಾಸಾಗಿ ಏಳುವ ಸುಣ್ಣಕಲ್ಲು, ಯಾವ ಬಾಣಸಿಗನ ನೆರವೂ ಇಲ್ಲದೆ ನೆಲದಡಿಯಲ್ಲಿ ಪದರುಗಟ್ಟಿದೆ. ಆ ಜಾತಿಯ ಕಲ್ಲೇ ಪಕ್ಕದ ವಾಡಿಯಲ್ಲಿ ಸಿಮೆಂಟಾಗುತ್ತದೆ. ತಿರಮಿಸುವಿನಲ್ಲಿ ಸಿಮೆಂಟಿನ ಕೆಲಸ ಮಸ್ಕಾರ್ಪೋನೆಯದು, ಎಂದರೆ ಕೆನೆಗೆ ಹುಳಿ ಹಿಂಡಿ ಗಟ್ಟಿಮಾಡಿದ ಮೆತ್ತನೆಯ ಚೀಸಿನದು. ಅದು ಸಿಗದ ಕಡೆ ಚಕ್ಕಾ, ಅಂದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಸಕ್ಕರೆಯೊಂದಿಗೆ ಕೂಡಿ ಗಾರೆಯಾಗಬಲ್ಲದು.

ಮೂಲದ ಕಾಫಿಗೆ ಬದಲಾಗಿ ಮಾವಿನ ರಸ ಬಳಸಿದಾಗ ಬಿಸ್ಕತ್ತನ್ನು ಕಣ್ಣು ಮಿಟುಕಿಸುವಷ್ಟೇ ಹೊತ್ತು ಅದ್ದಬೇಕೆಂಬುದು, ಚಹಾದಲ್ಲಿ ಅದ್ದಿದ ಬಿಸ್ಕತ್ತು ಕಪ್ಪಿನ ತಳ ಸೇರುವುದನ್ನು ಕಂಡವರಿಗೆಲ್ಲ ತಿಳಿದ ಶಾಸ್ತ್ರ. ಆಮೇಲೆ ಫ್ರಿಜ್ಜಿನಲ್ಲಿ ಆರು ತಾಸು ಇಡಬೇಕು. ಮೂರನೆಯ ತಾಸಿಗೇ ಕರೆಂಟು ಹೋದರೆ ಪದರಗಳೆಲ್ಲ ಕಲಸಿ ಬಟ್ಟಲಿನಲ್ಲಿ ಉಳಿಯುವುದು ಶೀಕರಣೆಯೇ, ಅಂದರೆ ಮಾವಿನ ರಸಾಯನವೇ, ಆದ್ದರಿಂದ, ಅದನ್ನು ಹೋಳಿಗೆಯ ಪಕ್ಕಕ್ಕೆ ಬಡಿಸಿಬಿಡುವ ಗೃಹಿಣಿಗೆ ಇಟಲಿಯ ಹಂಗೇನೂ ಇರುವುದಿಲ್ಲ.