ಒಂದು ಒತ್ತಿದ್ದು ಕನ್ನಡಕ್ಕೆ

ಶ್ರೀನಿವಾಸಪುರದ ಮಾವಿನ ಮಂಡಿ. ತೋತಾಪುರಿ ರಾಶಿಯ ಪಕ್ಕ ರೈತರೊಬ್ಬರು ಒಂದು ಕಿವಿ ಮುಚ್ಚಿಕೊಂಡು ಮೊಬೈಲ್ ಕಂಪನಿಯವರ ಜೊತೆ ಫೋನಿನಲ್ಲಿ.

ರೈತ: ಅಮ್ಮಾ, ನಾನು ಕೇಳದೇ ಇರೋ ಕಾಲರ್ ಟ್ಯೂನಿಗೆ ತಿಂಗಳಾ ತಿಂಗಳಾ ದುಡ್ಡು ಹಿಡೀತಾ ಇದೀರಲ್ಲ?

ದನಿ: ಅದು ತಾನಾಗೇ ರಿನ್ಯೂವಲ್ ಆಗುತ್ತೆ ಸರ್.

ರೈತ: ನನ್ನ ಬೆಳೆಸಾಲ ಮಾತ್ರ ಆಗಲ್ಲ. ಅದಕ್ಕೆ ಪಹಣಿ ಹಿಡ್ಕೊಂಡು ಬ್ಯಾಂಕಿಗೆ ಅಲೀಬೇಕು.

ದನಿ: ನೀವೇ ಒಂದು ಒತ್ತಿ ಒಪ್ಪಿದ್ದೀರಿ ಸರ್.

ರೈತ: ಒಂದು ಒತ್ತಿದ್ದು ಕನ್ನಡಕ್ಕಮ್ಮಾ!

ದನಿ: ನಿಲ್ಲಿಸೋಕೆ ಒಂಬತ್ತು ಒತ್ತಿ.

ರೈತ: ಒತ್ತಿದೆ. ಹಾಡು ಬರ್ತಾ ಐತೆ... ಅಯ್ಯೋ, ಅದೇ ಹಾಡು! ಇದಕ್ಕೂ ದುಡ್ಡಾ?

(ಲೈನ್ ಕಟ್. ಕಟ್ ಆಗಿದ್ದಕ್ಕೆ ಶುಲ್ಕವಿಲ್ಲ, ಸದ್ಯ.)

ಮಂಡಿ ಗುಮಾಸ್ತ: ಯಾಕಣ್ಣ ಅವರನ್ನ ಬೇಡ್ಕೋತೀಯ? ಎರಡು ಸಲ ಒಪ್ಪಿಗೆ ತಗೊಳ್ದೆ ಇಂಥ ಸೇವೆ ಹಾಕಂಗಿಲ್ಲ ಅಂತ 2013ರಲ್ಲೇ ಟೆಲಿಕಾಂ ನಿಯಂತ್ರಕ ಟ್ರಾಯ್ ಆದೇಶ ಮಾಡೈತೆ. 155223ಕ್ಕೆ ಫೋನ್ ಮಾಡು, ಫ್ರೀ. ನಿಲ್ಲಿಸ್ಲಿಲ್ವಾ, ದೂರು ಕೊಟ್ಟು ನಂಬರ್ ಬರ್ಕೊ. ಅದಕ್ಕೂ ಜಗ್ಗದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ.

ರೈತ: ಅಲ್ಲೂ ಹಾಡು ಹಾಕಿದ್ರೆ?

ಗುಮಾಸ್ತ: 1900ಕ್ಕೆ ಪೋರ್ಟ್ ಅಂತ ಬರೆದು, ಮುಂದೆ ನಿನ್ನ ನಂಬರ್ ಸೇರಿಸಿ ಮೆಸೇಜ್ ಹಾಕು. ನಂಬರ್ ನಿಂದೇ ಇರ್ತದೆ, ಕಂಪನಿ ಬೇರೆ.