ಬುಧವಾರ ರಾತ್ರಿ 11:59

ಆನ್‌ಲೈನ್‌ನಲ್ಲಿ ಓದುವವರಿಗೆ ಯಾರು ಉಪದೇಶ ಕೊಟ್ಟರೂ ಮೊದಲ ಮಾತು ಒಂದೇ: ಓದಿಗೆಂದೇ ಒಂದು ಜಾಗ ಗೊತ್ತುಮಾಡಿಕೊಳ್ಳಿ. ನಮ್ಮದು ಎರಡು ಕೋಣೆಯ ಮನೆ. ಒಂದರಲ್ಲಿ ಮಗಳು ನೀಟ್‌ಗೆ ಓದುತ್ತಾಳೆ. ಆ ಬಾಗಿಲ ಬಳಿ ಕೆಮ್ಮುವುದಕ್ಕೂ ಅಪ್ಪಣೆ ಬೇಕು. ಇನ್ನೊಂದರಲ್ಲಿ ಅಮ್ಮನ ಮಂಚ, ಮಂಚದ ಎದುರು ಧಾರಾವಾಹಿ. ಉಳಿದದ್ದು ಊಟದ ಮೇಜು. ಉಪ್ಪಿನಕಾಯಿ ಜಾಡಿ, ಬಿಪಿ ಮಾತ್ರೆಯ ಡಬ್ಬಿ, ಕರೆಂಟು ಬಿಲ್ಲಿನ ಕಟ್ಟುಗಳನ್ನು ಒತ್ತರಿಸಿ ಲ್ಯಾಪ್‌ಟಾಪಿಗೆ ಜಾಗ ಮಾಡಿದೆ. ಮೌಸಿಗೆ ಸಿಗಲಿಲ್ಲ. ಅದು ಇವತ್ತಿಗೂ ಮಡಿಚಿಟ್ಟ ಪೇಪರಿನ ಮೇಲೆ ಓಡಾಡುತ್ತದೆ.

ಸೇರಿದ್ದು ಎನ್‌ಪಿಟಿಇಎಲ್‌ನ ಪೈಥಾನ್ ಕೋರ್ಸಿಗೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಯೋಜನೆ ಇದು. ಐಐಟಿಯ ಗೇಟನ್ನೂ ನೋಡದ ನನ್ನಂಥವನ ಮನೆಗೆ ಐಐಟಿ ಮೇಷ್ಟ್ರೇ ಬಂದು ಪಾಠ ಹೇಳುತ್ತಾರೆ, ಸೇರುವುದಕ್ಕೆ ಕಾಸೂ ಕೇಳುವುದಿಲ್ಲ. ನಮ್ಮಪ್ಪ ಮೈಸೂರಿನ ಅಂಚೆ ತೆರಪಿನ ಶಿಕ್ಷಣದಲ್ಲಿ ಬಿ.ಎ. ಮುಗಿಸಿದವರು. ಪೋಸ್ಟ್‌ಮ್ಯಾನ್ ಬರಲಿಲ್ಲ, ಹಾಗಾಗಿ ಪಾಠವೂ ಬರಲಿಲ್ಲ ಎಂಬ ನೆಪವಾದರೂ ಅವರಿಗಿತ್ತು. ನನ್ನ ಪಾಠವನ್ನು ಯಾವಾಗ ಬೇಕಾದರೂ ನೋಡಬಹುದು. ಆದ್ದರಿಂದ ಯಾವಾಗಲೂ ನೋಡುತ್ತಿರಲಿಲ್ಲ.

12 ವಾರದ ಕೋರ್ಸು, ವಾರಕ್ಕೊಂದು ಅಸೈನ್‌ಮೆಂಟು, ಗಡುವು ಬುಧವಾರ ರಾತ್ರಿ 11:59. 12ರಲ್ಲಿ ಚೆನ್ನಾಗಿ ಮಾಡಿದ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅದಕ್ಕೆ 25 ಅಂಕ, ಕೊನೆಯ ಪರೀಕ್ಷೆಗೆ 75. ಇಡೀ ಕೋರ್ಸಿನಲ್ಲಿ ನನಗೆ ಒಂದೇ ಸಲಕ್ಕೆ ಅರ್ಥವಾದ ಸಂಗತಿ ಇದೇ. ಆ ನಾಲ್ಕರ ರಿಯಾಯಿತಿಯನ್ನು, ಜನವರಿಯಲ್ಲೇ ಸಿಎಲ್ ಮುಗಿಸುವ ಗುಮಾಸ್ತನ ಹಾಗೆ, ಶುರುವಿನಲ್ಲೇ ಖರ್ಚು ಮಾಡಿ ಕೈತೊಳೆದುಕೊಂಡೆ.

ಆಮೇಲೆ ತಂತ್ರಗಳ ಬೆನ್ನುಬಿದ್ದೆ. ಪಾಠ ನೋಡುವುದಕ್ಕಿಂತ ಪಾಠ ನೋಡುವುದು ಹೇಗೆ ಎಂಬ ವಿಡಿಯೋ ನೋಡುವುದು ಸುಖ. ಪೊಮೊಡೊರೊ ಎಂಬುದೊಂದಿದೆ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಕಂಡುಕೊಂಡದ್ದು: 25 ನಿಮಿಷ ಓದು, 5 ನಿಮಿಷ ಬಿಡುವು. ನಮ್ಮ ಅಡುಗೆಮನೆಯ ಟೈಮರ್ ಕುಕ್ಕರು. ಹೆಂಡತಿ ‘ಹೇಗೂ ಸುಮ್ಮನೆ ಕೂತಿದ್ದೀರಲ್ಲ, ಮೂರು ವಿಷಲ್ ಆದಮೇಲೆ ಆರಿಸಿ’ ಎಂದು ಸ್ನಾನಕ್ಕೆ ಹೋದಳು. ನಾನು ಅಷ್ಟರಲ್ಲಿ ಬಿಡುವಿನ ಐದು ನಿಮಿಷಕ್ಕೆ ಕಾಲಿಟ್ಟಿದ್ದೆ, ಅಂದರೆ ರೀಲ್ಸ್ ನೋಡುತ್ತಿದ್ದೆ. ಮನೆಮಂದಿಯೆಲ್ಲ ಆ ದಿನ ಮೊಸರನ್ನ ತಿಂದರು.

ಗಡುವು ಹತ್ತಿರವಾದಾಗ ಪಾಠವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಿದ್ದೆ. ಒಳಗಿನಿಂದ ಅಮ್ಮ, ‘ಪಾಪ, ಆ ಮೇಷ್ಟ್ರಿಗೆ ಬಸ್ಸಿಗೆ ಹೊತ್ತಾಗಿದೆಯೇನೋ, ಬಿಟ್ಟುಬಿಡೋ’ ಅನ್ನುತ್ತಿದ್ದರು.

ಪೈಥಾನ್‌ನಲ್ಲಿ ಸಾಲಿನ ಆರಂಭಕ್ಕೆ ಬಿಡುವ ಜಾಗಕ್ಕೂ ಅರ್ಥವಿದೆ. ಒಂದು ಸ್ಪೇಸ್ ಹೆಚ್ಚಾದರೂ ಕಡಿಮೆಯಾದರೂ ಪ್ರೋಗ್ರಾಮು ಮುಷ್ಕರ ಹೂಡುತ್ತದೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೇ ಬಿಟ್ಟು ಬರುವ ಗಂಡಸು ಕಲಿಯುವ ಭಾಷೆಯಲ್ಲ ಅದು. ಒಂದು ಬುಧವಾರ ಹನ್ನೊಂದೂವರೆಗೆ ಕೆಂಪಕ್ಷರದ ಎಚ್ಚರಿಕೆ ಎದುರಿಟ್ಟುಕೊಂಡು ಬೆವರುತ್ತಿದ್ದೆ. ಹಾಲಿಗೆ ಹೆಪ್ಪು ಹಾಕಿ ಬಂದ ಹೆಂಡತಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಕಂಪ್ಯೂಟರಿನ ಗಂಧವಿಲ್ಲದಿದ್ದರೂ, ‘ಏಳನೇ ಸಾಲು ಸೊಟ್ಟಗಿದೆ’ ಅಂದಳು. ಇತ್ತು. ಸರಿಮಾಡಿದೆ, ಓಡಿತು. ‘ಈಗ ಆ ಟವೆಲ್’ ಅಂದಳು.

ಮರೆವಿನ ಬಗ್ಗೆಯೂ ಓದಿಕೊಂಡೆ. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಕಲಿತದ್ದು ಎಷ್ಟು ಬೇಗ ಕರಗುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಇದನ್ನು ಹೆಂಡತಿಗೆ ಹೇಳಿದರೆ, ‘ಅಷ್ಟು ದೂರ ಯಾಕೆ? ಕರಿಬೇವು ತನ್ನಿ ಅಂದರೆ ಕೊತ್ತಂಬರಿ ತಂದಿರಿ’ ಅಂದಳು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇನ್ನೂ ಅಪಾಯಕಾರಿ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಕೇಳಿದರೆ, ಓದಿದ್ದನ್ನು ನೆನಪಿನಿಂದ ಬರೆದು ನೋಡಿಕೊಂಡವರು ಮುಂದು. ಪುಟಪುಟಕ್ಕೂ ಹಳದಿ ಬಳಿದು ವಿದ್ವಾಂಸನ ಗತ್ತಿನಲ್ಲಿದ್ದ ನನಗೆ ಇದು ಕೇಳಬಾರದಿದ್ದ ಸುದ್ದಿ. ಮಾತಿನ ಭರದಲ್ಲಿ ಮನೆಯವರ ಮುಂದೆ ಬಾಯಿಬಿಟ್ಟೆ. ಅಂದಿನಿಂದ ಊಟಕ್ಕೆ ಕೂತಾಗ ಮಗಳು ನನ್ನ ನೋಟ್ಸ್ ತೆರೆದು ಪ್ರಶ್ನೆ ಕೇಳುವಳು, ಅಮ್ಮ ತೀರ್ಪು ಕೊಡುವರು. ಲಿಸ್ಟಿಗೂ ಟಪಲ್‌ಗೂ ವ್ಯತ್ಯಾಸ ಹೇಳುವವರೆಗೆ ಹುಳಿಯ ಸೌಟು ಮೇಲೆಯೇ ನಿಂತಿರುವುದು.

ಇಷ್ಟಾದರೂ ನಾನು ಬಿಟ್ಟು ಓಡುತ್ತಿದ್ದೆ. ಓಡಲು ಬಿಡದ್ದು ಪರೀಕ್ಷೆಯ 1000 ರೂಪಾಯಿ ಫೀಸು. ಕೋರ್ಸು ಪುಕ್ಕಟೆಯಾದ್ದರಿಂದಲೇ ಸೇರಿದವರಲ್ಲಿ ಬಹುಪಾಲು ನಡುದಾರಿಯಲ್ಲೇ ಮಾಯವಾಗುತ್ತಾರೆ. ಫೀಸು ಕಟ್ಟಿ, ಆ ಮೆಸೇಜು ಹೆಂಡತಿಯ ಕಣ್ಣಿಗೆ ಬೀಳುವಂತೆ ಮಾಡುವುದಿದೆಯಲ್ಲ, ಚಿರಿಲ್ಲೊನ ಟೊಮೆಟೊ ಅದರ ಮುಂದೆ ಏನೂ ಅಲ್ಲ.

ಪರೀಕ್ಷೆ ಮಾತ್ರ ಆನ್‌ಲೈನ್ ಪಾಠದಂತಲ್ಲ, ಕೇಂದ್ರಕ್ಕೇ ಹೋಗಿ ಬರೆಯಬೇಕು. ಗೇಟಿನಲ್ಲಿ ವಾಚ್‌ಮನ್ ‘ಪೇರೆಂಟ್ಸ್ ಎಲ್ಲ ಹೊರಗೆ, ಆ ಮರದ ಕೆಳಗೆ’ ಅಂದ. ಹಾಲ್ ಟಿಕೆಟ್ ತೋರಿಸಿದೆ. ಫೋಟೋವನ್ನೂ ನನ್ನನ್ನೂ ನೋಡಿ, ಏನೋ ಕನಿಕರದಿಂದ ಒಳಗೆ ಬಿಟ್ಟ. ಲ್ಯಾಬಿಗೆ ಕಾಲಿಟ್ಟದ್ದೇ ತಡ, ಹುಡುಗರೆಲ್ಲ ಎದ್ದು ನಿಂತು ‘ಗುಡ್ ಮಾರ್ನಿಂಗ್ ಸರ್’ ಅಂದರು. ನಿಜ ಹೇಳಬಹುದಿತ್ತು. ‘ಕೂತ್ಕೊಳ್ಳಿ, ಕೂತ್ಕೊಳ್ಳಿ’ ಅಂದೆ. ಒಬ್ಬ ರಫ್ ಶೀಟ್ ಕೇಳಿದ. ಮೇಜಿನ ಮೇಲಿತ್ತು, ಕೊಟ್ಟೆ. ನೋಡಿ ಇನ್ನೊಬ್ಬ ಕೇಳಿದ. ಮೂರನೇ ಸಾಲಿನವರೆಗೆ ಹಂಚಿದ್ದೆ, ಅಷ್ಟರಲ್ಲಿ ನಿಜವಾದ ಮೇಲ್ವಿಚಾರಕಿ ಬಂದರು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಉಳಿದ ಶೀಟುಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಕಿಟಕಿ ಪಕ್ಕದ ಕಂಪ್ಯೂಟರ್ ತೋರಿಸಿ, ‘ಬ್ಯಾಗ್ ಹೊರಗಿಟ್ಟು ಬನ್ನಿ’ ಎಂದರು.