ಕಾಂಟೆಸ್ಸಾಕ್ಕ ಯಾವ ಎಂಜಿನ್?

ಏನ್ ತಮ್ಮಾ, ಗಂಗಾವತಿಯಿಂದ ಕಾಂಟೆಸ್ಸಾ ತಂದೀಯಲ್ಲ! ನಮ್ಮ ಕಾಂಪೌಂಡ್ ಗ್ವಾಡಿ ಮ್ಯಾಲಿಂದನ ಅದರ ಬಾನೆಟ್ ಕಾಣತೈತಿ. ಏನ್ ಉದ್ದ, ಏನ್ ಗತ್ತು! ಬಾಡಿ ಗಟ್ಟಿ ಐತಿ, ಎಂಜಿನ್ ಅಷ್ಟ ಜಾಮ್ ಆಗೇತಿ ಅಂತೀ. ಗೆಳ್ಯಾರು ಟೊಯೊಟಾದ ಆರು ಸಿಲಿಂಡರಿನದು ಹಾಕು ಅನ್ನಾಕತ್ಯಾರೇನು? ಬ್ಯಾಡೋ ಯಪ್ಪಾ.

ಈ ಗಾಡಿ ಕತಿನ ಎಂಜಿನ್ ಬದಲಿ ಮಾಡಿದ ಕತಿ. ಬಾಡಿ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿದು. 1984ರಾಗ ಬಂಗಾಳದ ಹಿಂದುಸ್ತಾನ್ ಮೋಟಾರ್ಸಿನವರು ಅದರೊಳಗ ಅಂಬಾಸಿಡರಿನ ಹಳೇ 1489 ಸಿಸಿ ಎಂಜಿನ್ ಕೂಡಿಸಿದ್ರು. 50 ಎಚ್‌ಪಿ ಅಷ್ಟ. ಅಷ್ಟು ದೊಡ್ಡ ಗಾಡಿ ಎಳೀಲಾರದ ಒದ್ದಾಡ್ತಿತ್ತು. ಆಮ್ಯಾಲೆ ಜಪಾನಿನ ಇಸುಜು ಬಂತು ನೋಡು: 1817 ಸಿಸಿ, 88 ಎಚ್‌ಪಿ, ಐದು ಗೇರು. ಗಾಡಿಗೆ ಜೀವ ಬಂದಿದ್ದ ಅವಾಗ. ನಿಂದು 1990ರದು, ಆರ್‌ಸಿಯೊಳಗ ಅದ 1817 ಐತಿ. ಅದನ್ನ ಹುಡುಕು.

ಸಿಗತೈತೋ, ಯಾಕ ಸಿಗೂದಿಲ್ಲ? ಮುಂದ ಅಂಬಾಸಿಡರಿಗೂ ಇದ ಇಸುಜು ಹಾಕಿದ್ರು. ಖರೇ, ಫೌಂಡೇಶನ್, ಸಂಪ್ ಎರಡಕ್ಕೂ ಟೇಪ್ ಹಿಡಿದು ನೋಡಿನ ರೊಕ್ಕ ಕೊಡು. ಆರು ಸಿಲಿಂಡರಿನದಾದ್ರ ಫೌಂಡೇಶನ್ ಹೊಸದು, ಗೇರ್‌ಬಾಕ್ಸ್ ಹೊಸದು, ಪ್ರೊಪೆಲ್ಲರ್ ಶಾಫ್ಟ್ ಕಡಿಸಬೇಕು. ಮುಂದಿನ ಸ್ಪ್ರಿಂಗ್ ಕುಂದರತಾವ, ಹಳೇ ಬ್ರೇಕು ಆ ಓಟ ತಡಕೊಳ್ಳೂದಿಲ್ಲ. ಮೇ ತಿಂಗಳ ಬಿಸಿಲಾಗ ಕುಷ್ಟಗಿಯಿಂದ ಯಲಬುರ್ಗಾಕ್ಕ ಹೋಗು, ರೇಡಿಯೇಟರ್ ಕುದಿಯೂದು ಗೊತ್ತಾಗತೈತಿ. ಹೆದ್ದಾರಿಯೊಳಗ ಓಡೂ ಗಾಡಿ ಅಂದ್ರ ನಿಲ್ಲಾಕೂ ಬರಬೇಕಲ್ಲ, ನನಗ ಅದರದ ಚಿಂತಿ.

ಇಸುಜು ಡೀಸೆಲ್? ಅದೂ ಕಂಪನಿಯವರ ಹಾಕಿದ್ದು, ಖರ್ಚು ಕಮ್ಮಿ. ಆದ್ರ ಆ ಸಪ್ಪಳಕ್ಕ ಈ ಗಾಡಿ ತಗೊಂಡಿಲ್ಲ ನೀನು. ಮ್ಯಾಲೆ ಆರ್‌ಸಿಯೊಳಗ ಪೆಟ್ರೋಲ್ ಅಂತ ಐತಿ.

ಕಾಗದಪತ್ರದ್ದೂ ಕೇಳಿಕೋ. ಮೋಟಾರು ವಾಹನ ಕಾಯ್ದೆ 52ನೇ ಕಲಮು ಕಂಪನಿ ಕೊಟ್ಟಿದ್ದು ಬಿಟ್ಟು ಮನಸಿಗೆ ಬಂದಂಗ ಬದಲಿ ಮಾಡಾಕ ಬಿಡೂದಿಲ್ಲ, 2019ರಾಗ ಸುಪ್ರೀಂ ಕೋರ್ಟೂ ಅದನ್ನ ಬಿಗಿಯಾಗಿ ಹೇಳೇತಿ. ಅದ ಜಾತಿ ಎಂಜಿನ್ ಹಾಕಿದ್ರೂ ಕೊಪ್ಪಳದ ಆರ್‌ಟಿಒ ಆಫೀಸಿಗೆ ಮೊದಲ ಹೋಗಿ ಕೇಳು, ಹೊಸ ಎಂಜಿನ್ ನಂಬರ್ ಆರ್‌ಸಿಗೆ ಏರಬೇಕು. 2021ರಾಗ 50 ವರ್ಷ ದಾಟಿದ ವಿಂಟೇಜ್ ಗಾಡಿಗೆ ಬ್ಯಾರೆ ನಿಯಮ ಬಂತಲ್ಲ, ನಿಂದಕ್ಕ 2040ಕ್ಕ 50 ವರ್ಷ ತುಂಬತೈತಿ. ಚಾಸಿ, ಬಾಡಿ, ಎಂಜಿನ್ ಮೂಲದಂಗ ಇದ್ರಷ್ಟ ವಿಂಟೇಜ್ ನಂಬರ್ ಸಿಗೂದು.

ಗುಜರಿಯವ ‘ಚಾಲೂ ಐತಿ’ ಅಂದ್ರ ನಂಬಬ್ಯಾಡ. ಎಂಜಿನ್ ಬಿಸಿ ಮಾಡಿ, ನಾಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಶನ್ ಹಿಡಿ. ನಾಕೂ ಸಿಲಿಂಡರ್ ಹತ್ತಿರ ಹತ್ತಿರ ಬರಬೇಕು. ಒಂದರಾಗ ಭಾಳ ಇಳಿದ್ರ ಬಿಟ್ಟು ಬಾ. ಗೇಜು ನನ್ನ ಹತ್ರ ಐತಿ, ರವಿವಾರ ಹೊಂಟ್ರ ಕೂಗು, ಕೂಡೇ ಬರ್ತೀನಿ.